ರಿಮ್ಮಾಳ ಕಂಠ, ಬೇರೆಯವರ ಬಾಯಿ

ರಷ್ಯಾದ ಚೆರೆಪೊವೆತ್ಸ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಮ್ಮಾ ನನ್ನ ಪಕ್ಕದ ಕುರ್ಚಿಯವಳು. ಚಿಕ್ಕಂದಿನಲ್ಲಿ ಸಮೊವಾರ್ ಎಂಬ ಚಹಾ ಹಂಡೆಯ ಕುದಿನೀರು ಬಿದ್ದು ಅವಳ ಎಡಗೆನ್ನೆ ಸುಟ್ಟಿತ್ತು. ಕಂಠಕ್ಕೆ ಮಾತ್ರ ಏನೂ ಆಗಿರಲಿಲ್ಲ.

‘ಏಳನೇ ಮಹಡಿ’ ತಂಡ ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಸಂಸ್ಕೃತಿ ಭವನದ ನೆಲಮಾಳಿಗೆಯಲ್ಲಿ. ಇಬ್ಬರು ಎಂಜಿನಿಯರ್ ಹುಡುಗರು, ಒಂದು ಸಿಂಥಸೈಜರ್, ಅವರೇ ಬೆಸುಗೆ ಹಾಕಿ ಮಾಡಿದ ತಾಳದ ಪೆಟ್ಟಿಗೆ, ಹಾಡಲು ರಿಮ್ಮಾ. ಕ್ಯಾಸೆಟ್ ಕೈಯಿಂದ ಕೈಗೆ ನಕಲಾಗುತ್ತಾ ದೇಶವೆಲ್ಲ ಸುತ್ತಿತು. ಆಗ ಮಾಸ್ಕೋದಿಂದ ವಕ್ಕರಿಸಿದವನು ವದೀಮ್ ಎಂಬ ವ್ಯವಸ್ಥಾಪಕ. ಈ ಮುಖ ವೇದಿಕೆಗೆ ಆಗುವುದಿಲ್ಲ ಎಂದು ಅವಳೆದುರೇ ಹೇಳಿದ. ಹುಡುಗರು ನೆಲ ನೋಡುತ್ತಾ ತಂತಿ ಸುತ್ತತೊಡಗಿದರು. ಹೇಡಿಗಳು! ಮೂವರು ಚೆಂದದ ಹುಡುಗಿಯರನ್ನು ಹಿಡಿದು, ಒಂದೇ ಸಂಜೆ ಮೂರು ಊರುಗಳಲ್ಲಿ ರಿಮ್ಮಾ ಹಾಡಿದ್ದ ಅದೇ ಟೇಪು ಹಾಕಿ ಅವರಿಂದ ಬಾಯಾಡಿಸಿದ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಎಲ್ಲರೂ ಕದ್ದರೆ ಅದು ಕಳ್ಳತನವಲ್ಲವೇ?

ಇಷ್ಟನ್ನೂ ರಿಮ್ಮಾ ನುಂಗಿಕೊಂಡಳು. ನುಂಗಲಾರದ್ದು ಒಂದೇ: ಹೆತ್ತ ತಾಯಿ ಕಪಿತೊಲಿನಾ ಕೂಡ ಅವಳನ್ನು ನಂಬಲಿಲ್ಲ. ಟಿವಿಯಲ್ಲಿ ಹಾಡುವುದು ತಾನೇ ಎಂದಾಗಲೆಲ್ಲ ಮುದುಕಿ ನಕ್ಕು, ಸೂಪು ಆರಿಹೋಗುತ್ತೆ, ಮೊದಲು ತಿನ್ನು ಎನ್ನುತ್ತಿದ್ದಳು.

ಕೊನೆಗೆ ತಂಡ ನಮ್ಮೂರಿಗೇ ಬಂತು, ಅದೇ ಭವನದ ದೊಡ್ಡ ಸಭಾಂಗಣಕ್ಕೆ. ರಿಮ್ಮಾ ತಾಯಿಯನ್ನು ಕರೆತಂದಳು. ನಾನೂ ಪಕ್ಕದಲ್ಲೇ ಕೂತಿದ್ದೆ. ಎರಡನೇ ಹಾಡಿನ ನಡುವೆ ಟೇಪು ಎಳೆದು, ನರಳಿ, ತುಂಡಾಯಿತು. ವೇದಿಕೆಯ ಹುಡುಗಿ ತೆರೆದ ಬಾಯಿ ಮುಚ್ಚುವುದನ್ನೂ ಮರೆತಳು.

ರಿಮ್ಮಾ ಎದ್ದು ನಿಂತು, ಹಾಡು ನಿಂತಲ್ಲಿಂದಲೇ ಎತ್ತಿಕೊಂಡಳು. ಮೈಕಿಲ್ಲ, ವಾದ್ಯವಿಲ್ಲ. ಅದೇ ಕಂಠ, ಕಿವಿಯಿದ್ದವರಿಗೆ ಅನುಮಾನವೇ ಬೇಡ. ಹಿಂದಿನಿಂದ ಯಾರೋ, “ಏ ಕುಡುಕಿ, ಕೂತ್ಕೊಳೇ! ನಿನ್ ಗೋಳು ಕೇಳೋಕೆ ಬಂದಿದೀವಾ ನಾವು?” ಎಂದು ಕೂಗಿದ. ಸಿಳ್ಳೆ ಎದ್ದಿತು. ತೋಳಿಗೆ ಕೆಂಪು ಪಟ್ಟಿ ಕಟ್ಟಿದ್ದ ಕಾವಲಿನವರು ನಮ್ಮ ಸಾಲಿನತ್ತ ಹೊರಟರು.

ರಿಮ್ಮಾ ಯಾರನ್ನೂ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಾ ಚರಣ ಮುಗಿಸಿದಳು. ಮುದುಕಿಯ ಕಣ್ಣಲ್ಲಿ ನೀರಿತ್ತು. ಸದ್ಯ, ಈಗಲಾದರೂ ತಿಳಿಯಿತಲ್ಲ ಎಂದುಕೊಂಡೆ.

ಕಪಿತೊಲಿನಾ ಮಗಳ ಲಂಗ ಹಿಡಿದು ಜಗ್ಗಿದಳು. “ಕೂತ್ಕೊ ನನ್ನವ್ವ, ಮಾನ ಕಳೀಬೇಡ. ಥೇಟ್ ಅವಳ ಥರಾನೇ ಹಾಡ್ತೀಯ, ಒಪ್ಕೊಂಡೆ. ಆದ್ರೂ ಅವಳಷ್ಟು ಚೆನ್ನಾಗಿ ಬರಲ್ಲ ಕಣೆ ನಿಂಗೆ.”

ರಿಮ್ಮಾ ಕೂತುಬಿಟ್ಟಳು. ಅಷ್ಟರಲ್ಲಿ ಟೇಪು ಅಂಟಿಸಿದ್ದರು. ಅವಳ ಹಾಡು ಮತ್ತೆ ಶುರುವಾಯಿತು, ಮುದುಕಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.