ಅಗೆಯದೆ ಬಿಟ್ಟ ಮೂಲೆ

ಬೆಳಕು ಹರಿಯುವ ಹೊತ್ತು. ಮ್ಯೂಸಿಯಂ ಹಿಂಬದಿಯ ಉಗ್ರಾಣದಲ್ಲಿ ಚೂರಕ್ಕ ಹಲ್ಲುಜ್ಜುವ ಬ್ರಷ್ ಹಿಡಿದು ಹಳೆಯ ಮಡಕೆ ಚೂರೊಂದರ ಮಣ್ಣು ಬಿಡಿಸುತ್ತಿದ್ದಾರೆ. ಗಟ್ಟಿಯಾಗಿ ಉಜ್ಜುವಂತಿಲ್ಲ, ಮಣ್ಣಿನ ಜೊತೆ ಬಣ್ಣವೂ ಹೋದೀತು. ತೊಳೆದದ್ದನ್ನು ಜಾಲರಿಯ ಮೇಲೆ, ನೆರಳಿನಲ್ಲಿ ಹರವುತ್ತಾರೆ; ಒಣಗಿದ ಮೇಲೆ ಒಂದೊಂದಕ್ಕೂ ನಂಬರ್ ಬರೆಯುತ್ತಾರೆ. ಉಳಿದವರು ಬರುವುದು ಹತ್ತಕ್ಕೆ. ಎಂದಿನ ದಿನ ಅಲ್ಲಿಯವರೆಗೆ ನಲ್ಲಿ ತೊಟ್ಟಿಕ್ಕುವ ಸದ್ದೊಂದೇ ಜೊತೆ.

ಉತ್ಖನನದಲ್ಲಿ ಮಣ್ಣು ಹೊರಲು ಬಂದ ಚೂರಕ್ಕ ಚೂರುಗಳ ಹತ್ತಿರವೇ ಉಳಿದುಬಿಟ್ಟರು. ಅಡ್ಡಹೆಸರೂ ಅಲ್ಲಿಂದಲೇ ಬಂತು. "ಲೋಟ ಒಡೆದ್ರೆ ಇವಳಿಗೆ ಹೇಳ್ಬೇಡಿ, ತೊಳೆದು ನಂಬರ್ ಹಾಕಿಬಿಡ್ತಾಳೆ" ಎಂದು ಎಲ್ಲರನ್ನೂ ನಗಿಸುತ್ತಿದ್ದ ಅವರ ಅಣ್ಣ ಈಗಿಲ್ಲ. ಬಾಡಿಗೆ ಕೋಣೆಯಲ್ಲಿ ಚೂರಕ್ಕ ಒಬ್ಬರೇ ಇರುತ್ತಾರೆ. ಮಾತಾಡಲು ಯಾರೂ ಇಲ್ಲದ ಆ ಕೋಣೆಯಲ್ಲಿ ಕೂತು ಮಕ್ಕಳಿಗೊಂದು ಕಥೆ ಬರೆದಿದ್ದಾರೆ.

ಕಥೆಯ ಹುಡುಗಿ ಶಾಲೆಯ ಹಿಂದೆ ಅಗೆಯುತ್ತಾಳೆ. ಹೆಬ್ಬೆರಳಿನ ಗುರುತಿರುವ ಮಡಕೆ ಚೂರು ಸಿಗುತ್ತದೆ. ತನ್ನ ಬೆರಳಿಟ್ಟು ನೋಡಿದರೆ ಅಳತೆ ತೆಗೆದಂತೆ ಕೂರುತ್ತದೆ. ಹಾಗಾದರೆ ಮಡಕೆ ಮಾಡಿದ್ದೂ ತನ್ನಂಥ ಮಗುವೇ? ಒಂದು ಮೂಲೆಯನ್ನು ಅಗೆಯದೆ ಬಿಟ್ಟು ಅವಳು ಮನೆಗೆ ಹೋಗುವಲ್ಲಿಗೆ ಕಥೆ ಮುಗಿಯುತ್ತದೆ.

"ಮೊದಲು ಓದಿ ಹೇಳಿದ್ದು ಇವಕ್ಕೇ," ಚೂರಕ್ಕ ಜಾಲರಿಯತ್ತ ಕೈ ತೋರಿಸುತ್ತಾರೆ. "ಒಂದೂ ಮಧ್ಯೆ ಎದ್ದು ಹೋಗಲಿಲ್ಲ."

ಪ್ರಕಾಶಕರಿಗೆ ಕಥೆ ಹಿಡಿಸಿದೆ, ಕೊನೆ ಹಿಡಿಸಿಲ್ಲ. ಇವತ್ತೇ ಉತ್ತರ ಬೇಕೆಂದು ಬೆಳಿಗ್ಗೆಯೇ ಫೋನ್ ಮಾಡುತ್ತಾರೆ. ಚೂರಕ್ಕ ಒದ್ದೆ ಕೈಯಲ್ಲೇ ಸ್ಪೀಕರ್ ಒತ್ತುತ್ತಾರೆ.

"ಅಕ್ಕಾ, ಆ ಮೂಲೇಲಿ ಒಂದು ಚಿನ್ನದ ಸರ ಸಿಗಲಿ, ನಾಳೆನೇ ಅಚ್ಚಿಗೆ ಕಳಿಸ್ತೀನಿ. ಬರೀ ಚೂರಿದ್ರೆ ಯಾವ ಮಗು ಪುಟ ತಿರುಗಿಸುತ್ತೆ?"

"ನಾನು ಜೀವಮಾನವೆಲ್ಲ ಇದನ್ನೇ ತಿರುಗಿಸಿ ನೋಡ್ತಿಲ್ವಾ?"

"ನೀವೇನು ಮಗುನಾ?"

"ಆ ಮೂಲೆ ಬೇಕಂತಲೇ ಬಿಟ್ಟಿರೋದು ಸ್ವಾಮಿ. ಅಗೆಯೋ ಕಡೆ ಒಂದಿಷ್ಟು ಜಾಗ ಮುಟ್ಟದೆ ಉಳಿಸ್ತೀವಿ. ಮುಂದೆ ಬರೋರ ಹತ್ರ ನಮಗಿಂತ ಒಳ್ಳೆ ಸಲಕರಣೆ ಇರುತ್ತೆ. ಎಲ್ಲಾ ನಾವೇ ಬಗೆದುಬಿಟ್ರೆ ಅವರಿಗೇನು ಉಳೀತು?"

"ಹಾಗಾದ್ರೆ ಪುಸ್ತಕ ಬೇಡ್ವಾ?"

ಚೂರಕ್ಕ ಬ್ರಷ್ ಕೆಳಗಿಡುತ್ತಾರೆ.

"ಬೇಕು. ಸರ ಬೇಡ."

"ನನ್ನ ಕೈಲಾಗಲ್ಲ ಅಕ್ಕಾ. ಬೇರೆ ಯಾರನ್ನಾದ್ರೂ ಕೇಳಿ ನೋಡಿ."

ಫೋನಿನ ಮೇಲಿನ ನೀರನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಡುತ್ತಾರೆ. ಮುಂದಿನ ಚೂರನ್ನು ಎತ್ತಿಕೊಂಡು, ಮೆಲ್ಲಗೆ ಉಜ್ಜುತ್ತಾರೆ. ಬೇರೆ ಪ್ರಕಾಶಕರು ಯಾರೂ ಅವರಿಗೆ ಗೊತ್ತಿಲ್ಲ.

ಪುಸ್ತಕದಿಂದ ಬೇಕಿದ್ದುದಾದರೂ ಏನು ಎಂದು ಕೇಳಿದರೆ ಚೂರಕ್ಕ ಬಾಗಿಲತ್ತ ನೋಡುತ್ತಾರೆ.

"ಓದಿದ ಒಂದು ಮಗುವಾದ್ರೂ ಸಿಟ್ಟು ಮಾಡ್ಕೊಂಡು ಬಂದು ಈ ಬಾಗಿಲು ಬಡೀಬೇಕು. 'ಆ ಮೂಲೇಲಿ ಏನಿತ್ತು, ಹೇಳು' ಅಂತ. ನಂಗೂ ಗೊತ್ತಿಲ್ಲ ಮರಿ, ಬಾ ಒಳಗೆ, ಅಂತೀನಿ."

ಬಾಗಿಲ ಪಕ್ಕದ ಖಾಲಿ ಸ್ಟೂಲನ್ನೂ ಅವರು ದಿನಾ ಒರೆಸಿಡುತ್ತಾರೆ.