ನೆತ್ತಿಯ ಮೇಲಿನ ಉಸಿರು

ಮುಖಕ್ಕೆ ಸೋಪು ಹಚ್ಚಿಕೊಂಡವರು ಎರಡೂ ಕಣ್ಣು ಮುಚ್ಚುತ್ತಾರೆ. ಇದರಲ್ಲಿ ವಿಶೇಷವೇನಿದೆ ಎಂದು ನೀವು ಕೇಳಬಹುದು. ಕಳೆದ ಬೇಸಗೆಯ ತನಕ ನಾನೂ ಹಾಗೆಯೇ ಕೇಳುತ್ತಿದ್ದೆ. ಈಗ ನನ್ನ ಎಡಗಣ್ಣು ಸದಾ ಕೆಂಪಗಿರುತ್ತದೆ. ಬಚ್ಚಲಿಗೆ ಚಿಲಕ ಹಾಕಿ ನಾಲ್ಕು ಗೋಡೆಗಳ ನಡುವೆ ಸುರಕ್ಷಿತವಾಗಿ ನಿಂತಿದ್ದರೂ ಆ ಒಂದು ಕಣ್ಣು ಮಾತ್ರ ನನ್ನ ಮಾತು ಕೇಳದೆ, ನೊರೆಯ ಸಂದಿಯಿಂದ ಹೊರಗೆ ಇಣುಕುತ್ತಲೇ ಇರುತ್ತದೆ. ಚಿಕ್ಕಮಗಳೂರಿನ ಪೇಟೆಯಲ್ಲಿ ನನ್ನದು ತೋಟದ ಸಾಮಾನಿನ ಅಂಗಡಿ. ಬಂದ ಗಿರಾಕಿಗಳು ನನ್ನ ಮುಖ ನೋಡಿ, "ಎಂಥ ಸಾರ್, ಮದ್ರಾಸ್ ಐ ಬಂತಾ?" ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಸೋಪು ಎನ್ನುತ್ತೇನೆ. ಬಿ.ಎಸ್ಸಿ. ಓದಿ ಐವತ್ತು ದಾಟಿದ ಈ ಮನುಷ್ಯನಿಗೆ ಇನ್ನೂ ಮುಖ ತೊಳೆಯಲು ಬರುವುದಿಲ್ಲವೆಂದು ತೀರ್ಮಾನಿಸಿ, ಕತ್ತಿಯ ಹಿಡಿಯನ್ನೋ ಸ್ಪ್ರೇಯರಿನ ವಾಷರನ್ನೋ ಕೊಂಡು ಹೋಗುತ್ತಾರೆ.

ಕಣ್ಣು ಮುಚ್ಚುವ ವಿದ್ಯೆ ನಮ್ಮ ವಂಶದಲ್ಲೇ ಇಲ್ಲವೇನೋ. ನಮ್ಮ ಅಜ್ಜಿ ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದಳು. ಕಣ್ಣಿಂದ ನೀರು ಕೆನ್ನೆಗಿಳಿದು ಗಲ್ಲದಲ್ಲಿ ತೊಟ್ಟಿಕ್ಕಿದರೂ ಆ ದೃಷ್ಟಿ ಕದಲುತ್ತಿರಲಿಲ್ಲ. ಪಕ್ಕದ ಮನೆಯವರೆಲ್ಲ ಕಣ್ಣು ಮುಚ್ಚಿ ದೇವರನ್ನು ಕಾಣುತ್ತಾರಲ್ಲ, ನೀನೇಕೆ ಮುಚ್ಚುವುದಿಲ್ಲ ಎಂದು ಕೇಳಿದ್ದಕ್ಕೆ, "ಮುಚ್ಚಿದ್ರೆ ನಂಗೆ ನಿದ್ದೆ ಕಾಣ್ತದೆ ಮಗ" ಎಂದಿದ್ದಳು. ನನಗೆ ಅವಳ ನಿಷ್ಠೆ ಬರಲಿಲ್ಲ, ಕಣ್ಣು ಮಾತ್ರ ಬಂತು. ಶಾಲೆಯ ಪ್ರಾರ್ಥನೆಯಲ್ಲಿ, ಹೆಣದ ಮುಂದೆ ಆಚರಿಸುವ ಮೌನದಲ್ಲಿ, ಕೊನೆಗೆ ನನ್ನ ಮದುವೆಯ ಧಾರೆಯ ಹೊತ್ತಿನಲ್ಲೂ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಒಂದನ್ನು ತೆರೆದು ಯಾರು ಯಾರು ಮುಚ್ಚಿದ್ದಾರೆಂದು ತಪಾಸಣೆ ಮಾಡುತ್ತಿದ್ದವನು.

ಇಂಥವನು ಚಕ್ರಧ್ಯಾನದ ಶಿಬಿರಕ್ಕೆ ಹೋದದ್ದು ಹೆಂಡತಿಗಾಗಿ. ಗಿರಿಜೆಗೆ ಥೈರಾಯ್ಡ್ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಗಾಯ ಮಾಗಿತ್ತು, ವೈದ್ಯರು ಎಲ್ಲ ಸರಿಯಾಗಿದೆ ಎಂದಿದ್ದರು, ಗುಳಿಗೆಯೂ ತಪ್ಪದೆ ನಡೆದಿತ್ತು. ಆದರೆ ಒಲೆಯ ಮುಂದೆ ನಿಂತರೆ ತಾನೇ ತಾನಾಗಿ ಹೊರಡುತ್ತಿದ್ದ ಅವಳ ಹಾಡು ಮಾತ್ರ ಹಿಂದಿರುಗಿರಲಿಲ್ಲ. ದನಿ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿದಿತ್ತು. ಮಾತಾಡಿದರೆ ಒಡೆದ ದನಿ ಕೇಳಿಸುತ್ತದೆಂದು ಮಾತನ್ನೇ ಕಡಿಮೆ ಮಾಡಿದಳು. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡುತ್ತಿದ್ದಳು. ಮೂಡಿಗೆರೆಯಾಚೆಯ ಎಸ್ಟೇಟೊಂದರ ಹೋಮ್‌ಸ್ಟೇಯಲ್ಲಿ ಮೂರು ದಿನದ ಶಿಬಿರವಿದೆ, ಗಂಟಲಿನ ಚಕ್ರ ತೆರೆದರೆ ದನಿ ತೆರೆಯುತ್ತದೆ ಎಂದು ಯಾರೋ ಗೆಳತಿ ಹೇಳಿದಳು. ಗಿರಿಜೆ ನನ್ನತ್ತ ನೋಡಿದಳು. ನಾನು ಅಂಗಡಿಯ ಬೀಗ ತಮ್ಮನ ಕೈಗೆ ಕೊಟ್ಟೆ.

ಶಿಬಿರ ನಡೆಸುತ್ತಿದ್ದ ಶಾಂಭವಿ ಮೇಡಂ ಬಗ್ಗೆ ನಗುವುದು ಸುಲಭ, ನಾನು ನಗಲಾರೆ. ನಲವತ್ತರ ಆಸುಪಾಸಿನ ಮೃದುಭಾಷಿಣಿ. ತಾನು ಹೇಳಿದ್ದನ್ನು ತಾನೇ ನಂಬುವ ಅಪರೂಪದವರು. ಗೋಡೆಗೆ ತೂಗುಹಾಕಿದ್ದ ಪಟದಲ್ಲಿ ಪದ್ಮಾಸನ ಹಾಕಿದ ಒಬ್ಬ ಮನುಷ್ಯನಿದ್ದ. ಅವನ ಬೆನ್ನುಹುರಿಯ ಬುಡದಿಂದ ನೆತ್ತಿಯವರೆಗೆ ಏಳು ತಾವರೆಗಳು. ಒಂದೊಂದಕ್ಕೂ ಇಷ್ಟಿಷ್ಟು ದಳ, ಒಂದು ಬಣ್ಣ, ಒಂದು ಬೀಜಾಕ್ಷರ, ಒಂದು ಪ್ರಾಣಿ. ಹೊಕ್ಕುಳಲ್ಲಿ ಟಗರು, ಎದೆಯಲ್ಲಿ ಜಿಂಕೆ. ತಳದ ಮೂಲಾಧಾರದಲ್ಲಿ ಹಲವು ಸೊಂಡಿಲಿನ ಒಂದು ಆನೆ. ಗಂಟಲಿನ ವಿಶುದ್ಧಿಯಲ್ಲಿ ಮತ್ತೆ ಒಂದು ಆನೆ, ಆದರೆ ಬಿಳಿಯದು. "ಭಯ ಮೂಲಾಧಾರದಲ್ಲಿ ಇರುತ್ತೆ. ಅದನ್ನ ಓಡಿಸೋದಲ್ಲ, ನಡೆಸಿಕೊಂಡು ಮೇಲಕ್ಕೆ ಬರೋದು. ಗಂಟಲಿಗೆ ಬರೋ ಹೊತ್ತಿಗೆ ಅದೇ ಆನೆ ಶುಭ್ರ ಆಗಿರುತ್ತೆ," ಎಂದರು ಮೇಡಂ. ಮೂಡಿಗೆರೆ ಸೀಮೆಯವರಿಗೆ ಆನೆ ಹೊರಗಿರುವುದೇ ಸಾಕಾಗಿರುವಾಗ ಒಳಗೂ ಎರಡನ್ನು ಸಾಕಬೇಕೇ ಎಂದು ನಾನು ಗಿರಿಜೆಯ ಕಿವಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಪಟದ ಗಂಟಲನ್ನೇ ನೋಡುತ್ತಿದ್ದಳು.

ಶಿಬಿರದ ನಿಯಮಗಳು ಎರಡು. ಮೊದಲನೆಯದು, ಮೂರು ದಿನ ಮೊಬೈಲು ಮುಟ್ಟುವಂತಿಲ್ಲ. ಕಾಫಿ ಕೊಯ್ಯುವಾಗ ಸೊಂಟಕ್ಕೆ ಕಟ್ಟುವ ಬಿದಿರ ಬುಟ್ಟಿಯೊಂದನ್ನು ಜಗಲಿಯ ಮೇಲಿಟ್ಟು, ನಮ್ಮ ಹನ್ನೊಂದು ಜನರ ಮೊಬೈಲುಗಳ ಸದ್ದಡಗಿಸಿ ಅದರಲ್ಲಿ ಹಾಕಿಸಿದರು. ತೋಟದ ಮೇಸ್ತ್ರಿ ಶೇಷಪ್ಪನವರದ್ದನ್ನೂ ಬಿಡಲಿಲ್ಲ. ಎರಡನೆಯದು, ಗಿಡಮರಗಳಿಗೆ ಘಾಸಿ ಮಾಡುವಂತಿಲ್ಲ. ಕಾಫಿ ಒಣಗಿಸುವ ಕಣದ ಅಂಚಿನಲ್ಲೊಂದು ಹಲಸಿನ ಮರ ಬುಡದಿಂದಲೇ ಕಾಯಿ ತುಂಬಿ ನಿಂತಿತ್ತು. "ಮೇಡಮ್ಮ, ಈ ಹಲಸು ಇಳಿಸಿಬಿಡುವ. ಹಣ್ಣಾದ್ರೆ ವಾಸನೆಗೆ ಅದು ಬರ್ತದೆ," ಎಂದು ಶೇಷಪ್ಪ ಕತ್ತಿ ಹಿಡಿದು ನಿಂತರು. ಆನೆಯ ಹೆಸರನ್ನು ಅವರು ಬಾಯಲ್ಲಿ ತರುವುದಿಲ್ಲ. ಮೂರು ದಿನ ತಡೆಯಿರಿ ಎಂದರು ಮೇಡಂ.

ಇಲ್ಲಿಯವರಿಗೆ ಇದು ಎಂಥ ತಪ್ಪೆಂದು ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಆನೆ ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು ಎಂದು ನಮ್ಮಲ್ಲಿ ಬೆಳಗ್ಗೆ ಮೊಬೈಲಿಗೆ ಮೆಸೇಜು ಬರುತ್ತದೆ, ಅದನ್ನು ನೋಡದೆ ಆಳುಗಳು ಲೈನುಮನೆಯಿಂದ ಹೊರಗೆ ಕಾಲಿಡುವುದಿಲ್ಲ. ನಾವು ಆ ಕಣ್ಣನ್ನೇ ಕಿತ್ತು ಬುಟ್ಟಿಗೆ ಹಾಕಿದ್ದೆವು. ಅಂಗಡಿಯಲ್ಲಿ ದಿನವೂ ಆನೆಯ ಕಥೆ ಕೇಳುವ ನಾನು ಕೂಡ, ಎಲ್ಲರಂತೆ, ವಿನಯದಿಂದ.

ಮೂರನೆಯ ದಿನದ ಬೆಳಗು. ಹಿಂದಿನ ಸಂಜೆ ಒಂದು ಮಳೆ ಬಿದ್ದು ಕಣದ ಸಿಮೆಂಟು ಇನ್ನೂ ತೇವವಾಗಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ದೂರದ ಸಿಲ್ವರ್ ಓಕ್ ಮರಗಳು ಪೆನ್ಸಿಲ್ಲಿನಲ್ಲಿ ಗೀಚಿ ಅಳಿಸಿದಂತಿದ್ದವು. ಎಲ್ಲರೂ ಚಾಪೆ ಹಾಸಿ ಪೂರ್ವಕ್ಕೆ ಮುಖ ಮಾಡಿ ಕೂತರು. ಮೇಡಂ ನಮಗೆದುರಾಗಿ. ಸೊಂಟನೋವಿನ ನೆಪ ಹೇಳಿ ನಾನು ಹಿಂದಿನ ಗೋಡೆಗೆ ಒರಗಿದೆ. ನನ್ನ ಮುಂದಿನ ಸಾಲಿನ ತುದಿಯಲ್ಲಿ ಗಿರಿಜೆ, ಅವಳ ಪಕ್ಕ ಹಾಸನದಿಂದ ಬಂದಿದ್ದ ಒಬ್ಬ ಅಜ್ಜಿ. ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದ ಮಂಡಿಯವರು. ಬುಡದಿಂದ ಮೇಲಕ್ಕೆ ಒಂದೊಂದೇ ಚಕ್ರವನ್ನು ಸ್ಮರಿಸುತ್ತ ಬಂದೆವು. ಲಂ, ವಂ, ರಂ, ಯಂ. ಗಂಟಲಿನ ಹಂ ಶುರುವಾದಾಗ ನಾನು ಅಭ್ಯಾಸಬಲದಿಂದ ಎಡಗಣ್ಣು ತೆರೆದೆ.

ಮರಗಳ ನಡುವೆ ಮಂಜು ಒಂದು ಕಡೆ ಹೆಚ್ಚು ಗಟ್ಟಿಯಾಗಿತ್ತು. ಆ ಗಟ್ಟಿ ಮಂಜು ನಡೆಯಿತು.

ಒಂಟಿ ಸಲಗ. ಕಪ್ಪಾಗಿರಲಿಲ್ಲ ಅದು, ಹಾಗೆಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಮೈಗೆ ಬಡಿದುಕೊಂಡ ಒಣಮಣ್ಣೋ, ಮಂಜಿನ ಮಾಯೆಯೋ, ಬೂದಿ ಬಳಿದಂತೆ ಬಿಳುಪಾಗಿತ್ತು. ಅಷ್ಟು ದೊಡ್ಡ ಪ್ರಾಣಿ ಕಣದ ಮೇಲೆ ಕಾಲಿಟ್ಟಾಗ ಒಂದು ಹಸಿ ಎಲೆ ಬಿದ್ದಷ್ಟೂ ಸದ್ದಾಗಲಿಲ್ಲ. ಅದು ಬಂದು ಸಾಲಿನ ತುದಿಯಲ್ಲಿ, ಗಿರಿಜೆಯ ಹಿಂದೆ ನಿಂತಿತು. ಸೊಂಡಿಲು ನಿಧಾನವಾಗಿ ಇಳಿದು ಅವಳ ನೆತ್ತಿಯಿಂದ ಒಂದು ಗೇಣು ಮೇಲೆ ತಡೆಯಿತು. ಅದರ ಉಸಿರಿಗೆ ಅವಳ ಬೈತಲೆಯ ಕೂದಲು ಎರಡು ಸಲ ಎದ್ದು ಬಿದ್ದದ್ದನ್ನು ನಾನು ಕಂಡೆ.

ಕೂಗಬೇಕು. ಬಾಯಿ ತೆರೆಯಿತು. ಕೂಗಿದರೆ ಹತ್ತು ಜನ ಏಳುತ್ತಾರೆ, ಓಡುತ್ತಾರೆ, ಒಬ್ಬರು ಏಳಲಾರರು. ಆನೆಯ ಕಾಲಬುಡದಲ್ಲಿರುವವಳು ಗಿರಿಜೆ. ಕೂಗದಿದ್ದರೆ? ಅವಳೊಮ್ಮೆ ಕೆಮ್ಮಿದರೆ, ಕೂತಲ್ಲೇ ಮಿಸುಕಿದರೆ? ನನ್ನ ಕಂಠದಲ್ಲಿ ಆ ಕ್ಷಣ ಯಾವ ತಾವರೆಯೂ ಇರಲಿಲ್ಲ, ಒಂದು ಕಲ್ಲಿತ್ತು. ಜಗಲಿಯ ಬುಟ್ಟಿಯಲ್ಲಿ ಮೊಬೈಲುಗಳು ಒಂದರ ಹಿಂದೊಂದು ಗುಂಯ್‌ಗುಡತೊಡಗಿದವು, ಬುಟ್ಟಿಯೇ ಜೇನುಗೂಡಾದಂತೆ. ಆನೆಯ ಕಿವಿ ಅತ್ತ ತಿರುಗಿತು. ಅದರ ಒಡಲಿನಿಂದ ಒಂದು ಕಂಪನ ಹೊರಟು, ಕಿವಿಗೆ ಕೇಳಿಸದೆ ನೇರವಾಗಿ ನನ್ನ ಪಕ್ಕೆಲುಬುಗಳಲ್ಲಿ ನಡುಗಿತು. "ಈಗ ನೆತ್ತಿಯ ಮೇಲೆ ಒಂದು ಬಿಸಿ ಇಳಿಯುತ್ತೆ," ಎಂದಿತು ಮೇಡಂ ಅವರ ಮೃದು ದನಿ, ಹಿಂದಿನ ಎರಡು ದಿನ ಅಂದಂತೆಯೇ. "ಹೆದರಬೇಡಿ. ಕಣ್ಣು ತೆರೀಬೇಡಿ."

ನಾನು ರೆಪ್ಪೆ ಬಡಿಯದೆ ನೋಡಿದೆ. ಬಡಿದರೆ ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ ಎನಿಸಿ, ನೀರು ಗಲ್ಲಕ್ಕಿಳಿದರೂ ನೋಡಿದೆ.

ಎಷ್ಟು ಹೊತ್ತೋ ತಿಳಿಯದು. ಈಗಲೂ ಅಂಗಡಿಯಲ್ಲಿ ಕೂತು ಲೆಕ್ಕ ಹಾಕುತ್ತೇನೆ; ಒಮ್ಮೆ ನಾಲ್ಕು ಉಸಿರಿನಷ್ಟು ಬರುತ್ತದೆ, ಇನ್ನೊಮ್ಮೆ ಮುಗಿಯುವುದೇ ಇಲ್ಲ. ಸೊಂಡಿಲು ಮೇಲೆದ್ದಿತು. ಆ ಬಿಳುಪು ತಿರುಗಿ ಹಲಸಿನ ಮರದತ್ತ ಸರಿಯಿತು. ದೊಡ್ಡ ಹಣ್ಣೊಂದು ದಪ್ಪೆಂದು ನೆಲಕ್ಕೆ ಬಿತ್ತು. "ಶಬ್ದ ಬರುತ್ತೆ, ಹೋಗುತ್ತೆ. ಅದರ ಹಿಂದೆ ಹೋಗಬೇಡಿ," ಎಂದರು ಮೇಡಂ. ನಾವ್ಯಾರೂ ಹೋಗಲಿಲ್ಲ.

ಧ್ಯಾನ ಮುಗಿದು ಕಣ್ಣು ಬಿಟ್ಟವರಿಗೆ ಕಂಡದ್ದು ಬರೀ ಮಂಜು. ಒಬ್ಬೊಬ್ಬರೂ ಅನುಭವ ಹೇಳಿದರು. ನಿವೃತ್ತ ಎಂಜಿನಿಯರೊಬ್ಬರು ಎದೆಯ ಅನಾಹತದಲ್ಲಿ ಅಪೂರ್ವ ಕಂಪನವಾಯಿತೆಂದು ಕೈ ಮುಗಿದರು. ಗಿರಿಜೆ ಅಳುತ್ತಿದ್ದಳು. ನೆತ್ತಿಯ ಮೇಲೆ ಬಿಸಿ ಉಸಿರು ಬಂತು ಎಂದಳು, ಅಷ್ಟೇ. ಆದರೆ ಆ ಮಾತು ಒಡೆಯದೆ ಇಡಿಯಾಗಿ ಬಂತು. ನನ್ನ ಸರದಿ ಬಂದಾಗ ಸೊಂಟ ಹಿಡಿದುಕೊಂಡಿದೆ ಎಂದೆ. ಅದು ಸುಳ್ಳಲ್ಲ, ಏಳಲು ನನಗೂ ಇಬ್ಬರು ಬೇಕಾದರು.

ಶೇಷಪ್ಪ ಮಾತ್ರ ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಆರುತ್ತಿದ್ದ ಕೆಸರು ಹೆಜ್ಜೆಯೊಂದರ ಅಂಚನ್ನು ಬೆರಳಿಂದ ಅಳೆಯುತ್ತಿದ್ದರು. ನನ್ನ ಮುಖ ನೋಡಿ ಕೇಳಿದರು.

"ನೀವು ನೋಡಿದ್ರಿ ಅಲ್ವಾ ಸಾರ್?"

"ನೋಡಿದೆ."

"ಹೇಳಿಬಿಡಿ. ಬರೋ ವಾರ ಮತ್ತೊಂದು ಬ್ಯಾಚ್ ಉಂಟು. ರುಚಿ ಕಂಡದ್ದು, ಬರದೆ ಇರೋದಿಲ್ಲ."

ಹೇಳುತ್ತೇನೆಂದೆ. ಹೇಳಲಿಲ್ಲ. ಏಕೆಂದರೆ ಆ ರಾತ್ರಿ ಗಿರಿಜೆ ಆರು ತಿಂಗಳ ನಿದ್ದೆಯನ್ನೆಲ್ಲ ಒಟ್ಟಿಗೆ ಮಾಡಿದಳು. ಎರಡನೆಯ ದಿನ ಒಲೆಯ ಮುಂದಿನಿಂದ ಒಂದು ಗುನುಗು ಕೇಳಿ ನಾನು ಪೇಪರು ಕೆಳಗಿಟ್ಟೆ. ನಿನ್ನ ನೆತ್ತಿಯ ಸಹಸ್ರಾರದ ಮೇಲೆ ಇಳಿದದ್ದು ದೈವವಲ್ಲ, ಹಲಸು ಹುಡುಕಿ ಬಂದ ಕಾಡುಪ್ರಾಣಿಯ ಉಸಿರು ಎಂದು ಯಾವ ಬಾಯಿಂದ ಹೇಳಲಿ? ಅವಳ ದನಿ ಆ ಒಂದು ನಂಬಿಕೆಯ ಮೇಲೆ ನಿಂತಿದ್ದರೆ? ಆರನೆಯ ದಿನ ಶೇಷಪ್ಪ ಅಂಗಡಿಗೆ ಫೋನು ಮಾಡಿದರು.

"ನಾಳೆ ಬರ್ತಾರೆ ಸಾರ್, ಹದಿನಾಲ್ಕು ಜನ. ನಾನು ಹೆಜ್ಜೆ ತೋರಿಸಿದೆ, ಹಳೇದಿರ್ಬಹುದು ಅಂದ್ರು. ಹೆದರಿಕೆ ನಿಮ್ಮ ಮೂಲಾಧಾರದಲ್ಲಿದೆ ಶೇಷಪ್ಪ ಅಂದ್ರು. ಅದು ಎಲ್ಲಿ ಬರ್ತದೆ ಅಂತ ಕೇಳಿದ್ರೆ ಕೂರೋ ಜಾಗ ತೋರಿಸ್ತಾರೆ. ಇನ್ನು ನಿಮ್ಮಿಷ್ಟ."

ನಾನು ಅಂಗಡಿ ಮುಚ್ಚಿ ಮನೆಗೆ ಬಂದೆ. ಗಿರಿಜೆ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು," ಎಂದಳು. "ಅಪ್ಪ ರೈಟರ್ ಆಗಿ ಲೆಕ್ಕ ಬರೀತಿದ್ದ ಎಸ್ಟೇಟಲ್ಲಿ ಹುಟ್ಟಿ ಬೆಳೆದೋಳು ನಾನು. ಆನೆ ವಾಸನೆ ಗೊತ್ತಾಗಲ್ವಾ ನಂಗೆ?"

"ಮತ್ತೆ ಹಾಗೇ ಕೂತಿದ್ದೆ?"

"ಎದ್ದು ಓಡಿದ್ರೆ ಆ ಅಜ್ಜಿ ಗತಿ ಏನ್ರೀ? ಮತ್ತೆ, ಹಿಂದೆ ನೀವು ಇದ್ರಲ್ಲ. ನಿಮಗೆ ಕಣ್ಣು ಮುಚ್ಚೋಕೆ ಬರಲ್ಲ ಅಂತ ಮದುವೆ ದಿನವೇ ನೋಡಿದ್ದೀನಿ. ನಿಮ್ಮ ಉಸಿರು ನಿಂತಿದ್ದು ಕೇಳಿಸ್ತು. ಸರಿ, ನೋಡ್ತಾ ಇದಾರೆ ಅಂದ್ಕೊಂಡೆ." ಅವಳು ಇನ್ನೊಂದು ಎಸಳನ್ನು ಕೈಗೆತ್ತಿಕೊಂಡಳು. "ಆಪರೇಷನ್ ಆದ ದಿನದಿಂದ ಸಾಯ್ತೀನಿ ಸಾಯ್ತೀನಿ ಅಂತ ಹೆದರಿದ್ದೆ. ಅವತ್ತು ಅದು ತಲೆ ಮೇಲೇ ಬಂದು ನಿಂತು ಮೂಸಿ ನೋಡಿ ಹೋಯ್ತು. ಇನ್ನೆಂಥ ಹೆದರೋದು. ಕೊಡಿ ಫೋನು."

ಮೇಡಂ ಅವರಿಗೆ ಮಾಡಿದವಳು ಅವಳೇ. ಕಣದಲ್ಲಿ ಯಾರನ್ನೂ ಕೂರಿಸಬಾರದು, ಹಲಸು ಇವತ್ತೇ ಇಳಿಸಬೇಕು, ಶೇಷಪ್ಪನವರ ಮೊಬೈಲು ಅವರ ಜೇಬಿನಲ್ಲೇ ಇರಬೇಕು ಎಂದು, ಪಕ್ಕದ ಮನೆಗೂ ಕೇಳಿಸುವಷ್ಟು ಸ್ಪಷ್ಟವಾಗಿ ಹೇಳಿದಳು. ಆಚೆಯ ಆ ಮೃದು ದನಿ ಮೊದಲ ಬಾರಿಗೆ ಒಡೆಯಿತು: "ಅಮ್ಮಾ, ನಾನೂ ಕಣ್ಣು ಮುಚ್ಚಿದ್ದೆ." ಮರುದಿನದ ಶಿಬಿರ ಹೋಮ್‌ಸ್ಟೇಯ ಬಾಗಿಲು ಹಾಕಿದ ಹಾಲ್‌ನೊಳಗೆ ನಡೆಯಿತು. ಎಲ್ಲರೂ ಕಣ್ಣು ಮುಚ್ಚಿದಾಗ ಒಬ್ಬರು ತೆರೆದಿರಬೇಕೆಂಬ ಹೊಸ ನಿಯಮವಾಗಿದೆಯಂತೆ. ಆ ಹುದ್ದೆಗೆ ಶೇಷಪ್ಪನವರು ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮಂಜಿದ್ದ ಎರಡು ಬೆಳಗು ಕಣದ ಮೇಲೆ ಬಿಳಿಯದೇನೋ ಬಂದು, ಚಾಪೆ ಹಾಸುತ್ತಿದ್ದ ಜಾಗವನ್ನು ಮೂಸುತ್ತ, ಸಾಲಿನ ತುದಿಯಲ್ಲಿ ನಿಂತು ಹೋಯಿತೆಂದು ಹೇಳಿದರು. ಮರದಲ್ಲಿ ಆಗ ಒಂದೂ ಹಲಸು ಇರಲಿಲ್ಲ.

ಚಕ್ರಗಳು ಇವೆಯೇ ಎಂದು ನೀವು ಕೇಳಿದರೆ ನಾನು ಓದಿದ ಬಿ.ಎಸ್ಸಿ.ಯಲ್ಲಿ ಆ ಪಾಠ ಇರಲಿಲ್ಲ. ದೇಹದಲ್ಲಿ ಭಯ ಕೂರುವ ಜಾಗವೊಂದಿದೆ, ದನಿ ಸಿಕ್ಕಿಕೊಳ್ಳುವ ಜಾಗವೊಂದಿದೆ ಎಂಬುದಕ್ಕೆ ನಾನು ಸಾಕ್ಷಿ. ಅವುಗಳ ನಡುವಿನ ದಾರಿಯಲ್ಲಿ ಯಾರು ಓಡಾಡುತ್ತಾರೆಂಬುದನ್ನು ಒಂದು ಕಣ್ಣಿನಲ್ಲಿ ಕಂಡಿದ್ದೇನೆ.

ನಿನ್ನೆ ಬೆಳಗ್ಗೆ ಗಿರಿಜೆ ಎಂದಿನಂತೆ ಒಲೆಯ ಮುಂದೆ ಹಾಡುತ್ತಿದ್ದಳು. ಬಚ್ಚಲಿನಲ್ಲಿ ನನಗೂ ಧೈರ್ಯ ಬಂದು, ಅವಳು ಹಾಡುವಷ್ಟು ಹೊತ್ತು ನೋಡೋಣವೆಂದು, ಮುಖಕ್ಕೆ ಸೋಪು ಹಚ್ಚಿ ಎರಡೂ ಕಣ್ಣು ಮುಚ್ಚಿದೆ. ಹಾಡು ಅರ್ಧದಲ್ಲಿ ನಿಂತಿತು. ಸಾರಿನ ಉಪ್ಪು ನೋಡುತ್ತಿರಬೇಕು. ಆ ನಿಶ್ಶಬ್ದದಲ್ಲಿ ನನ್ನ ನೆತ್ತಿಯ ಮೇಲೆ ಬೆಚ್ಚಗೆ ಏನೋ ಒಂದು ಸಲ ಇಳಿಯಿತು, ಮೇಲೆದ್ದಿತು, ಮತ್ತೆ ಇಳಿಯಿತು. ಹಂಡೆಯ ಹಬೆ ಎಂದುಕೊಂಡೆ. ಹಂಡೆ ನನ್ನ ಮುಂದಿತ್ತು. ಹಿಂದೆ ಇದ್ದದ್ದು ಗೋಡೆ. ಎಡಗಣ್ಣು ತೆರೆದುಕೊಳ್ಳಲು ತವಕಿಸಿತು. ಕೈಯಲ್ಲಿ ಸೋಪು ಹಿಡಿದು, ಮಿಸುಕದೆ, ಅವಳು ಅವತ್ತು ಕಣದಲ್ಲಿ ಕೂತಂತೆ ನಿಂತೆ. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಹಾಡಿನ ಮುಂದಿನ ಸಾಲು ಬಂತು.