ರಾಗಿಕಾಳಿನಷ್ಟು ಕೆಂಪು

ಮೊನ್ನೆ ಬೆಳಿಗ್ಗೆ ಮೇಜಿನ ಮೇಲಿದ್ದ ಡ್ರೋನಿನ ಕಂಟ್ರೋಲರ್ ತಿರುಗಿಸಿದೆ ನೋಡಿ, ಅದರ ಪರದೆಗೆ ಬಿಸಿಲು ಬಿದ್ದು ಬೆಳಕಿನ ತುಂಡೊಂದು ನಡುಮನೆಯ ಗೋಡೆಯ ಮೇಲೆ ಕುಣಿಯಿತು. ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು.

“ನಿಮ್ಮಪ್ಪ ಬೆಟ್ಟ ಹತ್ತವ್ರೇನೋ ಅಂದ್ಕಂಡ್ಬುಟ್ಟೆ ಕಣೇ” ಎಂದು ನಕ್ಕಳು. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ನಗು ಬೇಗ ಮುಗಿಯಿತು.

ಇದು ನಿಮಗೆ ಅರ್ಥವಾಗಬೇಕಾದರೆ ಅಪ್ಪನ ಹುಚ್ಚಿನ ಬಗ್ಗೆ ಹೇಳಬೇಕು. ಮಧುಗಿರಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಅವನಿಗೆ ಊರನ್ನು ಮೇಲಿನಿಂದ ತೆಗೆಯುವ ಆಸೆ. ಡ್ರೋನ್ ಎಂಬ ಪದವನ್ನೇ ಯಾರೂ ಕೇಳಿರದ ಕಾಲ ಅದು. ಆದರೆ ಎದುರಿಗೆ ಬೆಟ್ಟವಿತ್ತು, ಹೆಗಲಿಗೆ ಕ್ಯಾಮೆರಾ ಇತ್ತು. ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ ವರ್ಷಕ್ಕೊಮ್ಮೆ ಹತ್ತುತ್ತಿದ್ದ. ಅಷ್ಟೆತ್ತರದಿಂದ ನಮ್ಮ ಮನೆ ಗುರುತು ಸಿಗಬೇಕಲ್ಲ, ಅದಕ್ಕೆ ಅಮ್ಮ ಕೆಂಪು ಸೀರೆಯುಟ್ಟು ತಾರಸಿಯ ಮೇಲೆ ನಿಲ್ಲಬೇಕು. ಅಪ್ಪ ಜೇಬಿನ ಕನ್ನಡಿಯಿಂದ ಬಿಸಿಲು ಮಿಂಚಿಸಿದರೆ ಅಲುಗಾಡಬೇಡ ಎಂದರ್ಥ. ಮತ್ತೊಮ್ಮೆ ಮಿಂಚಿಸಿದರೆ ಮುಗಿಯಿತು, ಇಳಿ ಎಂದು. ಬೀದಿಯವರಿಗೆಲ್ಲ ಅಮ್ಮನನ್ನು ರೇಗಿಸಲು ಅಷ್ಟು ಸಾಕಾಗಿತ್ತು.

ಒಂದು ವರ್ಷ ಮೊದಲ ಮಿಂಚಾದ ಮೇಲೆ ಮೋಡ ಕವಿಯಿತು. ಬಿಸಿಲಿಲ್ಲದೆ ಎರಡನೆಯದು ಬರಲೇ ಇಲ್ಲ. ಅಪ್ಪ ಬೆಟ್ಟ ಇಳಿದು, ದಾರಿಯಲ್ಲಿ ಟೀ ಕುಡಿದು, ಮನೆಗೆ ಬಂದರೆ ಅಮ್ಮ ಇನ್ನೂ ತಾರಸಿಯ ಮೇಲೆ! ಸಾರು ತಳ ಹಿಡಿದು ಬೀದಿಗೆಲ್ಲ ವಾಸನೆ.

“ಇಳಿಯೋದಲ್ವೇನೇ?” ಅಂದ ಅಪ್ಪ.

“ನೀವು ಹೇಳ್ದೆ ಹೆಂಗಿಳೀಲಿ?” ಅಂದಳು ಅಮ್ಮ. ಆ ದಿನ ನಾವು ಮೂವರೂ ಉಪ್ಪಿನಕಾಯಿ ನೆಂಚಿಕೊಂಡು ಉಂಡೆವು.

ಆ ಫೋಟೊಗಳಲ್ಲಿ ಒಂದೇ ಉಳಿದಿದೆ, ನಡುಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದು. ಬಿಸಿಲಿಗೆ ಬಣ್ಣವೆಲ್ಲ ಹೋಗಿ, ಅಮ್ಮನಿದ್ದ ಜಾಗದಲ್ಲಿ ಈಗ ಏನೂ ಕಾಣುವುದಿಲ್ಲ. ಮೊನ್ನೆ ನಗು ನಿಂತ ಮೇಲೆ ಅಮ್ಮ ಅದನ್ನೇ ನೋಡುತ್ತ, “ಬಣ್ಣ ಇದ್ದಾಗ ನೋಡಕೆ ಪುರ್ಸೊತ್ತಿರ್ಲಿಲ್ಲ. ಅಷ್ಟು ದೂರದಿಂದ ಅವ್ರ ಕಣ್ಣಿಗೆ ನಾನೆಂಗೆ ಕಾಣ್ತಿದ್ನೋ, ಒಂದ್ಸಲ ನೋಡ್ಬೇಕು ಕಣೇ” ಎಂದಳು. ಮಂಡಿನೋವಿನ ಅಮ್ಮ ಇನ್ನು ಬೆಟ್ಟ ಹತ್ತುವಂತಿಲ್ಲ. “ಕೆಂಪು ಸೀರೆ ಉಟ್ಕಂಡು ತಾರಸಿಗೆ ಬಾ, ತೋರಿಸ್ತೀನಿ” ಎಂದೆ.

ಸ್ಟುಡಿಯೊ ಈಗ ನನ್ನದು. ಮದುವೆಗಳಿಗೆ ಡ್ರೋನ್ ಇಲ್ಲದೆ ನಡೆಯುವುದಿಲ್ಲ. ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ ಅದು, ಇದು ಎಂದು ನಾನು ಒದ್ದಾಡುವುದನ್ನು ನೋಡಲಾರದೆ, ಶಿರಾದ ಕ್ಯಾಮೆರಾ ಅಂಗಡಿಯ ನಯಾಜ್ ಎರಡು ಡ್ರೋನ್ ಕೊಟ್ಟು ಹಾರಿಸಿ ನೋಡಿ ಎಂದಿದ್ದ. ದೊಡ್ಡದಕ್ಕೆ ಜೂಮ್ ಇದೆ, ಅದರ ಕಂಟ್ರೋಲರಿನಲ್ಲೇ ಉರಿಬಿಸಿಲಿಗೂ ಕಾಣುವ ಪರದೆ ಇದೆ. ಚಿಕ್ಕದರ ಕಂಟ್ರೋಲರಿಗೆ ನಮ್ಮ ಫೋನನ್ನೇ ಸಿಕ್ಕಿಸಬೇಕು. ಗಾಳಿಗಂತೂ ತಡೆಯುವುದಿಲ್ಲ. ಹಿಂದೆ ನಿಡುಗಲ್ಲಿನ ಮದುವೆಗೆ ಅಂಥದ್ದೇ ಒಂದನ್ನು ಬಾಡಿಗೆಗೆ ಒಯ್ದಿದ್ದಾಗ, ಅದು ಬೆಟ್ಟದ ಗಾಳಿಗೆ ತೂರಾಡುವುದನ್ನು ನೋಡಿ ಮದುಮಗಳ ತಾತ, “ಏಮ್ಮಾ, ಇದು ಮುದ್ದೆ ಉಣ್ದೆ ಬಂದೈತಾ?” ಎಂದಿದ್ದರು.

“ದೊಡ್ಡದೇ ತಗಳ್ಳಿ ಅಕ್ಕಾ, ಜೂಮ್ ಇಲ್ದಿದ್ರೆ ಮಜಾನೇ ಇಲ್ಲ” ಎಂದಿದ್ದ ನಯಾಜ್. ನನಗೂ ಅದೇ ಸರಿಯೆನಿಸಿತ್ತು.

ಅಮ್ಮ ಕೆಂಪು ಸೀರೆಯುಟ್ಟು ತಾರಸಿಗೆ ಬಂದಳು. ಬೆಟ್ಟದ ಮೇಲಿರುವ ಕೋಟೆಯ ಮೇಲೆ ಹಾರಿಸಲು ಅನುಮತಿ ಬೇಕು, ಹಾಗಾಗಿ ದೊಡ್ಡದನ್ನು ಬೆಟ್ಟದ ಕಡೆ ತುಸು ಸರಿಸಿ ಎತ್ತರದಲ್ಲಿ ನಿಲ್ಲಿಸಿದೆ. ಜಂಬದಿಂದ ಜೂಮ್ ಮಾಡಿದೆ. ಪರದೆ ತುಂಬ ಅಮ್ಮ, ಭುಜದ ಪಿನ್ನು ಕೂಡ ಬಿಟ್ಟಿಲ್ಲ.

“ಅಯ್ಯೋ ಬುಡೇ, ಈ ಮುಖ ಕನ್ನಡೀಲಿ ದಿನಾ ನೋಡ್ತೀನಿ. ಅವ್ರಿಗೆ ಇಂಗಾ ಕಾಣ್ತಿದ್ದೆ?” ಅಮ್ಮನ ಮುಖ ಸಪ್ಪಗಾಯಿತು. ಜೂಮ್ ಹಿಂದಕ್ಕೆ ತೆಗೆದಿದ್ದರೆ ಆಗುತ್ತಿತ್ತು, ಆದರೆ ಅಷ್ಟರಲ್ಲಿ ನನ್ನ ಆಟಕ್ಕೆ ಬ್ಯಾಟರಿ ಮುಗಿದು ಅದನ್ನು ಇಳಿಸಬೇಕಾಯಿತು.

ಚಿಕ್ಕದನ್ನು ಏರಿಸಿದೆ. ಬಿಸಿಲಿಗೆ ಫೋನಿನಲ್ಲಿ ನನ್ನ ಮುಖ ಬಿಟ್ಟರೆ ಏನೂ ಕಾಣದು. ಗೊಣಗುತ್ತಿದ್ದೆ. ಅಮ್ಮ ಹತ್ತಿರ ಬಂದು ತನ್ನ ಸೆರಗನ್ನು ನಮ್ಮಿಬ್ಬರ ತಲೆಯ ಮೇಲೂ ಎಳೆದುಕೊಂಡಳು. ಒಳಗೆ ಅವಳ ಬೆರಳಿನ ಅವರೆಕಾಯಿ ಸೊಗಡು. ಪರದೆ ತಿಳಿಯಾಯಿತು. ತಾರಸಿಗಳು, ನೀರಿನ ಟ್ಯಾಂಕುಗಳು, ಮತ್ತೆ ತಾರಸಿಗಳು. ನಾನು ಮನೆ ಹುಡುಕುತ್ತಿರುವಾಗಲೇ ಅಮ್ಮ ಬೆರಳಿಟ್ಟಳು. ಅಲ್ಲಿ, ರಾಗಿಕಾಳಿನಷ್ಟು ಕೆಂಪು.

“ಇಷ್ಟು ಸಣ್ಣಕ್ಕಿದ್ನಾ? ಇಷ್ಟರಲ್ಲಿ ನನ್ನ ಹುಡುಕ್ತಿದ್ರಾ?” ಅಮ್ಮ ಅತ್ತಳು. ಆಮೇಲೆ ಮೂಗೊರೆಸಿಕೊಂಡು ನನ್ನನ್ನೇ ಗದರಿದಳು: “ಅಲುಗಾಡ್ಬ್ಯಾಡ, ತಗಿ.”

ತೆಗೆದೆ. ಅಮ್ಮ ಸೆರಗು ಸರಿಸಲಿಲ್ಲ, ಬೆಟ್ಟದ ಕಡೆ ಮುಖ ಮಾಡಿ ಹಾಗೇ ನಿಂತಿದ್ದಳು. ನಾನೂ ನಿಂತೆ. ಡ್ರೋನ್ ಹಿಂದಿರುಗಿ ಬರುವಾಗ ಅದರ ಮೈಗೆ ಬಿಸಿಲು ತಾಗಿ ಒಮ್ಮೆ ಮಿಂಚಿತು.

“ಮುಗೀತಂತೆ. ಇಳಿಯಣ ನಡಿ” ಎಂದಳು ಅಮ್ಮ.

ಬಣ್ಣ ಹೋದ ಫೋಟೊದ ಪಕ್ಕದಲ್ಲಿ ಈಗ ಹೊಸದೊಂದಿದೆ. ಆ ಕೆಂಪಿನೊಳಗೆ ಇಬ್ಬರಿದ್ದೇವೆ ಎಂದು ಯಾರಿಗೂ ತಿಳಿಯುವುದಿಲ್ಲ.

ಚಿಕ್ಕದೇ ಸಾಕು ಎಂದು ಫೋನ್ ಮಾಡಿದಾಗ ನಯಾಜ್ ಗಾಬರಿಯಾದ. “ಬಿಸಿಲಲ್ಲಿ ಅದ್ರಲ್ಲಿ ಏನೂ ಕಾಣಲ್ಲ ಅಕ್ಕಾ!”

“ಕಾಣಲ್ಲ ಕಣಪ್ಪಾ, ಅದಕ್ಕೇ ಬೇಕು” ಎಂದೆ.